ಡೇಟಾ ಸೆಂಟರಿನ ಉತ್ತರದ ಗೋಡೆ

೨೦೦೫ರ ಜನವರಿ ಹದಿಮೂರು, ಬೆಳಿಗ್ಗೆ ಏಳೂವರೆ. ಠಾಣೆಯ ಅರ್ಧ ಮಂದಿ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನದ ಬಂದೋಬಸ್ತಿಗೆ ಹೋಗಿದ್ದರಿಂದ ಎಸ್.ಐ. ಭಾಗ್ಯಶ್ರೀಯೇ ಠಾಣೆಗೆ ಯಜಮಾನಿ. ನೌಕರಿ ಸೇರಿದಾಗಿನಿಂದ ಪಾಸ್‌ಪೋರ್ಟ್ ವಿಚಾರಣೆ ಮಾಡಿ ಮಾಡಿ ಅವಳಿಗೆ ಸಾಕಾಗಿತ್ತು. ಸ್ವಂತದ್ದೊಂದು ಕೇಸು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಏದುಸಿರು ಬಿಡುತ್ತ ಹತ್ತಿರದ ಡೇಟಾ ಸೆಂಟರಿನ ಕಾವಲುಗಾರ ಅಮರಯ್ಯ ಒಳಗೆ ಬಂದ. ತೆಲುಗಿನಲ್ಲಿ ಶುರುಮಾಡಿ ತಡವರಿಸಿ, ನಡುವೆ ಭಾಲ್ಕಿ ಕಡೆಯ ಕನ್ನಡ ಬೆರೆಸಿದ.

"ಕನ್ನಡದಾಗ ಹೇಳಪಾ, ನಮ್ಮದೂ ಭಾಲ್ಕಿನೇ."

"ಮೇಡಂರಿ, ಡೇಟಾ ಸೆಂಟರಿನ ಗ್ವಾಡಿಗೆ ಯಾರೋ ತೂತು ಹೊಡದಾರ್ರಿ!"

ಭಾಗ್ಯಶ್ರೀ ಕುರ್ಚಿ ಬಿಟ್ಟು ಎದ್ದಳು. ಅಬ್ಬಾ, ಕೇಸು ಅಂದರೆ ಇದು! ರಾಜ್ಯದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ ಭದ್ರವಾಗಿಡುವ ಹೊಸ ಕಟ್ಟಡ ಅದು. ಜಾಗ ಸರ್ಕಾರದ್ದು, ಬಂಡವಾಳವೂ ಕಟ್ಟುವ ಕೆಲಸವೂ ಖಾಸಗಿ ಕಂಪನಿಯದು. ಸೋಮವಾರ ಉದ್ಘಾಟನೆ. ಎಂಟು ಗಂಟೆಗೆ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ವೈಜನಾಥನೊಂದಿಗೆ ಜೀಪು ಹತ್ತಿದಳು.

ಸ್ಥಳದಲ್ಲಿ ಕಂಪನಿಯ ಮ್ಯಾನೇಜರ್ ಕಲ್ಲೇಶನೂ ಸರ್ಕಾರದ ಎಂಜಿನಿಯರ್ ಶಿವಾನಂದನೂ ನಿಂತಿದ್ದರು. ಹಾವು ಮುಂಗುಸಿಯಂತಿದ್ದವರು ಅಂದು ಒಂದೇ ರಾಗ ಹಾಡಿದರು.

"ಸಣ್ಣ ಮಾತು ಮೇಡಂ. ಸಂಜಿಯೊಳಗ ಗಿಲಾವು ಮಾಡಿ ತೂತು ಮುಚ್ಚಿಸ್ತೀವಿ. ಕೇಸ್ಯಾಕ?"

"ಎಫ್‌ಐಆರ್ ಆಗೈತ್ರಿ. ಈಗ ಪಂಚನಾಮೆ. ಬಾಜೂಕ ಸರೀರಿ."

ಉತ್ತರದ ಗೋಡೆಯ ತೂತಿನಲ್ಲಿ ತಲೆ ಹಿಡಿಸುತ್ತಿತ್ತು, ಆಳು ನುಸುಳುವಂತಿರಲಿಲ್ಲ. ಏನೂ ಕಳುವಾಗಿರಲಿಲ್ಲ. ಒಳಗಿನದೆಲ್ಲ ಕಾಣಲೆಂಬಂತೆ ಯಾರೋ ಪುಡಿಯನ್ನು ಗುಡಿಸಿ ಬದಿಗಿಟ್ಟಿದ್ದರು. ವೈಜನಾಥ ಟಾರ್ಚು ಬಿಟ್ಟ.

"ಮೇಡಂ, ಒಳಗ ಬರೇ ಕಾಂಕ್ರೀಟ್ ಐತ್ರಿ. ಕಬ್ಬಿಣದ ಒಂದು ಸರಳೂ ಇಲ್ಲ!"

"ಅದನ್ನೂ ಬರೀರಿ."

ಎದುರಿನ ಚಹಾ ಅಂಗಡಿಯ ಗಂಗಾಬಾಯಿ, ಆಟೋ ಓಡಿಸುವ ದಿನೇಶ ಪಂಚಸಾಕ್ಷಿಗಳಾಗಿ ಸಹಿ ಹಾಕಿದರು. ಕಲ್ಲೇಶನ ಮುಖ ಕಪ್ಪಿಟ್ಟಿತು.

"ಗ್ವಾಡಿ ಒಡೆಯೋ ಮಷೀನ್ ಸಾಮಾನಿನ ಖೋಲ್ಯಾಗಿತ್ತು. ಕೀಲಿ ಮುರದಿಲ್ಲ. ಚಾವಿ ಇರೋದು ಸೂಪರ್‌ವೈಜರ್ ಮಲ್ಲಣ್ಣನ ಕಡೆ, ಈ ಅಮರಯ್ಯನ ಕಡೆ. ಇವಂದೇ ಕೆಲಸ, ಒಳಗ ಹಾಕ್ರಿ!"

ಅಮರಯ್ಯ ಎರಡೂ ಕೈ ಮುಗಿದ. ಭಾಗ್ಯಶ್ರೀ ಅವನನ್ನು ಪಕ್ಕಕ್ಕೆ ಕರೆದಳು.

"ಠಾಣೆಗೆ ಹೋಗು ಅಂತ ಯಾರು ಅಂದ್ರು?"

"ಮಲ್ಲಣ್ಣನವ್ರು. ಸಾಹೇಬ್ರಿಗೆ ಹೇಳಬ್ಯಾಡ, ಸೀದಾ ಪೊಲೀಸರ ಕಡೆ ಓಡು ಅಂದ್ರು."

ಎಲಾ ಇವನ! ಪೊಲೀಸರು ಬರಲೆಂದು ಕಾಯುವ ಕಳ್ಳನನ್ನು ಯಾರು ಕಂಡಿದ್ದಾರೆ? ಕಂಬದ ಬಳಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ ಮಲ್ಲಣ್ಣನಿಗೆ ಕೇಳುವಂತೆ ಭಾಗ್ಯಶ್ರೀ ಕೂಗಿ ಹೇಳಿದಳು.

"ವೈಜನಾಥರ, ಅಮರಯ್ಯನ್ನ ಜೀಪಿಗೆ ಹತ್ತಸ್ರಿ!"

"ತಡೀರಿ!" ಮಲ್ಲಣ್ಣ ಓಡಿಬಂದ. "ಅವನ್ನ ಬಿಡ್ರಿ, ಪಾಪ, ಅವನಿಗೇನೂ ಗೊತ್ತಿಲ್ಲ. ರಾತ್ರಿ ಅವನ್ನ ಮನೀಗೆ ಕಳಿಸಿ ಒಡದಾಂವ ನಾ."

"ಯಾಕ?"

"ಸರಳು ಹಾಕಿಲ್ಲಂತ ಬಾಯಿ ಬಡಕೊಂಡೀನ್ರಿ. ಕಂಪನಿಯವ್ರು ಸರ್ಕಾರದವ್ರನ್ನ ಕೇಳು ಅಂದ್ರು, ಸರ್ಕಾರದವ್ರು ಕಂಪನಿಯವ್ರನ್ನ ಕೇಳು ಅಂದ್ರು. ಛತ್ತಿನ ಭಾರ ಎಲ್ಲಾ ಈ ಗ್ವಾಡಿ ಮ್ಯಾಲೆ ನಿಂತೈತಿ. ಸೋಮವಾರದಿಂದ ಕಂಪ್ಯೂಟರ್ ಕೆಲಸದ ಹುಡುಗ್ರು ಅದರ ಕೆಳಗ ಕೂಡ್ತಾರ. ನನ್ನ ಮಾತು ಯಾರೂ ಬರಕೊಳ್ಳಲಿಲ್ಲ. ಪೊಲೀಸರು ಬಂದ್ರ ಪಂಚನಾಮೆ ಬರೀತಾರಲ್ರಿ!"

ಸರ್ಕಾರಿ ಜಾಗದ ಕಟ್ಟಡಕ್ಕೆ ಹಾನಿ ಮಾಡಿದ ಆರೋಪದ ಮೇಲೆ ಹನ್ನೊಂದು ಗಂಟೆಗೆ ಅವನನ್ನು ದಸ್ತಗಿರಿ ಮಾಡಲಾಯಿತು. ಮೊದಲ ಕೇಸು, ಮೊದಲ ಆರೋಪಿ. ಭಾಗ್ಯಶ್ರೀಗೆ ಖುಷಿಯಾಯಿತು, ಆದರೂ ಅವನನ್ನು ಕೇಳದೆ ಇರಲಾಗಲಿಲ್ಲ.

"ಆ ಹುಡುಗ್ರಾಗ ನಿಮ್ಮವ್ರು ಯಾರರ ಅದಾರೇನ್ರಿ?"

"ಇಲ್ರಿ. ಯಾರ ಮಕ್ಕಳಾದ್ರೇನು?" ಮಲ್ಲಣ್ಣ ಅವಳ ಮುಖ ನೋಡಿದ. "ಸರಳಿಲ್ಲ ಅಂತ ಬರದೀರಲ್ಲ?"

"ಬರದೀನ್ರಿ. ಪಂಚರ ಸಹಿನೂ ಆಗೈತಿ. ಇನ್ನ ಅಳಿಸಾಕ ಯಾರ ಕೈಲೂ ಆಗಂಗಿಲ್ಲ."

"ಹಂಗಾರ ನಡೀರಿ."

ಮಲ್ಲಣ್ಣ ಹೆಲ್ಮೆಟ್ ತೆಗೆದು ಅಮರಯ್ಯನ ಕೈಗೆ ಕೊಟ್ಟು, ಯಾರೂ ಹೇಳುವ ಮೊದಲೇ ಜೀಪು ಹತ್ತಿ ಕುಳಿತ.