ಸೀಲು ಮಾಡಿದ ಪೆಟ್ಟಿಗೆ

“ಮೊದಲೆಲ್ಲ ಸರಕಾರದವರು ಸತ್ತ ಸಿಪಾಯಿ ಮೈ ಊರಿಗಿ ಕಳಸ್ತಿದ್ದಿಲ್ರಿ ಮೇಡಂ,” ಎಂದ ಕಾಶೀನಾಥ. “ಎಪ್ಪತ್ತೊಂದರ ಲಡಾಯಿದಾಗ ನಮ್ಮ ಕಾಕಾ ಹ್ವಾದ. ಮನಿಗಿ ಬಂದದ್ದು ಅವನ ಟ್ರಂಕ್ ಅಷ್ಟೇ. ಕಾರ್ಗಿಲ್ ಆದಮ್ಯಾಲ ರಕ್ಷಣಾ ಸಚಿವಾಲಯದವರು ಹುಡುಗರನ್ನ ಬಾಗಿಲತನಕ ಮುಟ್ಟಸಾಕತ್ತಾರ. ಅಂಥದ್ರಾಗ ಈ ಹುಡುಗನ್ನ ಮಣ್ಣ ಮಾಡಿದ ಕುಣಿ ಯಾರೋ ಕೆದರ್ಯಾರ ನೋಡ್ರಿ.”

ಪಿಎಸ್‌ಐ ಪ್ರೀತಿ ದೂರು ಬರೆದುಕೊಂಡಳು. ಕಾಶೀನಾಥ ನಿವೃತ್ತ ಹವಾಲ್ದಾರ, ನಾಲವಾರದ ಮಾಜಿ ಸೈನಿಕರ ಸಂಘದ ಅಧ್ಯಕ್ಷ. ದೆಹಲಿಯ ಆ ಸಚಿವಾಲಯ ತನ್ನದೇ ಹಿರಿಯರ ಮನೆ ಎಂಬಂತೆ ಮಾತಾಡುವವ. ಗಡಿಯಲ್ಲಿ ನೆಲಬಾಂಬು ಸಿಡಿದು ತೀರಿಕೊಂಡ ಸಿಪಾಯಿ ಸಂಗಮೇಶ್ವರನನ್ನು ಸೋಮವಾರವಷ್ಟೇ ನಾಲವಾರದ ರುದ್ರಭೂಮಿಯಲ್ಲಿ ಮಣ್ಣು ಮಾಡಿದ್ದರು. ಸೇನೆಯವರು ಸೀಲು ಮಾಡಿ ತಂದ ಪೆಟ್ಟಿಗೆಯನ್ನು ಬಿಚ್ಚದೆ ಹಾಗೇ ಇಳಿಸಿದ್ದರು. ಗುರುವಾರ ಬೆಳಿಗ್ಗೆ ನೋಡಿದರೆ ಕುಣಿಯ ಮೇಲೆ ಹಾಸಿದ್ದ ಫರಸಿಕಲ್ಲುಗಳು ಜಾಗ ಬಿಟ್ಟಿದ್ದವು. ಒಂಬತ್ತೂವರೆಗೆ ದೂರು, ಹತ್ತಕ್ಕೆ ಎಫ್‌ಐಆರ್: ಸ್ಮಶಾನದಲ್ಲಿ ಅತಿಕ್ರಮ ಪ್ರವೇಶ.

ಮಧ್ಯಾಹ್ನ ತಹಶೀಲ್ದಾರರು, ವೈದ್ಯರು, ಪಂಚರ ಎದುರು ಕುಣಿ ತೆಗೆಸಿದರು. ಪೆಟ್ಟಿಗೆಯ ಸೀಲು ಒಡೆದಿತ್ತು, ಮುಚ್ಚಳ ಮಾತ್ರ ಬಿಗಿಯಾಗಿ ಕೂತಿತ್ತು. ವೈದ್ಯರು ಬಟ್ಟೆ ಸರಿಸಿದಾಗ ಕಂಡದ್ದನ್ನು ಪ್ರೀತಿಯೂ ಕಂಡಳು. ಏನೂ ಕಳುವಾಗಿಲ್ಲ ಎಂದು ಪಂಚನಾಮೆಯಲ್ಲಿ ಬರೆಸಿ ಮುಖ ತಿರುಗಿಸಿದಳು.

ಹೆಡ್ ಕಾನ್‌ಸ್ಟೆಬಲ್ ಮಜೀದಸಾಬ ಮುಚ್ಚಳದ ಸ್ಕ್ರೂವೊಂದನ್ನು ಉಜ್ಜಿ ಬೆರಳು ಮೂಸಿದ. ಗ್ರೀಸು. ಎಲ್ಲ ಸ್ಕ್ರೂಗಳಿಗೂ ಗ್ರೀಸು ಹಚ್ಚಿ ತಿರುವಿದ್ದರು. ಪೆಟ್ಟಿಗೆ ಕಳಿಸಿದ ಸೇನಾ ಕಚೇರಿಗೆ ಫೋನು ಮಾಡಿದರೆ, ನಾವು ಹಚ್ಚುವುದಿಲ್ಲ ಎಂದರು.

“ಕಳ್ಳ ಇಷ್ಟು ಅಕ್ಕರದಿಂದ ಮುಚ್ಚತಾನೇನ್ರಿ?” ಎಂದ ಮಜೀದಸಾಬ.

ಪ್ರೀತಿಗೂ ಅದೇ ಅನ್ನಿಸಿತ್ತು. ತುಕ್ಕು ಹಿಡಿಯಬಾರದೆಂದು ಸ್ಕ್ರೂಗಳಿಗೆ ಗ್ರೀಸು ಹಚ್ಚುವುದು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರ ರೂಢಿ. ಊರಲ್ಲಿ ಆ ಕೆಲಸದವನು ಒಬ್ಬನೇ: ಕಲ್ಯಾಣಪ್ಪ, ಸತ್ತವನ ಅಪ್ಪ.

ಸಂಜೆ ಠಾಣೆಗೆ ಕರೆಸಿದರು.

“ಯಜಮಾನ್ರ, ಪೆಟ್ಟಿಗಿ ನೀವೇ ಬಿಚ್ಚಿದ್ರೇನು?”

“ಹೌದ್ರಿ. ನಿನ್ನಿ ರಾತ್ರಿ.”

“ಯಾಕ?”

ಬಂಧನಕ್ಕೆ ಮೊದಲು ಅಂಗಶೋಧನೆ ಮಾಡುತ್ತಿದ್ದ ಮಜೀದಸಾಬ ಅರ್ಧಕ್ಕೇ ನಿಂತ. ಮುದುಕನ ಕೊರಳಲ್ಲಿ ಎರಡು ಇಷ್ಟಲಿಂಗಗಳಿದ್ದವು.

“ಒಂದು ನಂದ್ರಿ. ಒಂದು ಸಂಗಣ್ಣಂದು.”

ಆಮೇಲೆ ತಾನಾಗೇ ಹೇಳಿದ. ಕಳೆದುಹೋದೀತೆಂದು ಮಗ ಲಿಂಗವನ್ನು ತಾಯಿಯ ಹತ್ತಿರ ಬಿಟ್ಟುಹೋಗಿದ್ದ. ಲಿಂಗವಂತರಲ್ಲಿ ಸತ್ತವರ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟೇ ಮಣ್ಣು ಮಾಡಬೇಕು. ಒಂದು ಗಳಿಗೆ ಬಿಚ್ಚಿರೆಂದು ಸೋಮವಾರ ಕಲ್ಯಾಣಪ್ಪ ಕೈಮುಗಿದಿದ್ದ. ಬೇಡ ಎಂದು ಸೇನೆಯ ಅಧಿಕಾರಿ ಮೆಲ್ಲಗೆ ಹೇಳಿದರೆ, ಆರ್ಡರ್ ಅಂದರೆ ಆರ್ಡರ್ ಎಂದು ಕಾಶೀನಾಥ ಗಟ್ಟಿಯಾಗಿ ಹೇಳಿದ್ದ.

“ಮತ್ತ ಲಿಂಗ ವಾಪಸ್ ಯಾಕ ತಂದ್ರಿ?”

“ಇಡಾಕ ಕೈ ಇದ್ದಿಲ್ರಿ ಮೇಡಂ. ಎರಡೂ.” ಕಲ್ಯಾಣಪ್ಪ ಎರಡೂ ಲಿಂಗಗಳನ್ನು ಅಂಗಿಯೊಳಕ್ಕೆ ಸರಿಸಿಕೊಂಡ. “ಮನಿಯಾಕಿಗಿ ಕೈಯಾಗ ಇಟ್ಟು ಬಂದೀನಂತ ಹೇಳೀನ್ರಿ. ಆಮ್ಯಾಲೇ ಆಕಿ ಒಂದೀಟು ಗಂಜಿ ಕುಡದ್ಳು. ಇದು ಆಕಿ ಕಿವಿಗಿ ಬೀಳಬಾರ್ದರಿ.”

ಬಂಧನದ ಕಾಗದದಲ್ಲಿ ಮೈಮೇಲಿದ್ದ ವಸ್ತುಗಳನ್ನೆಲ್ಲ ನಮೂದಿಸಲೇಬೇಕು. ಸಾಮಾನ್ಯವಾಗಿ ಮನೆಯವರಿಗೆ ಓದಿ ಹೇಳಿ ಸಹಿ ಹಾಕಿಸುವುದು. ಹೆಂಡತಿ ಶರಣಬಸಮ್ಮ ಹೊರಗೆ ಪಡಸಾಲೆಯಲ್ಲೇ ಕೂತಿದ್ದಳು. ಪ್ರೀತಿ ಅವಳನ್ನು ಕರೆಯದೆ ಕಾಶೀನಾಥನನ್ನು ಕರೆದಳು. ‘ಇಷ್ಟಲಿಂಗ, ಎರಡು’ ಎಂಬಲ್ಲಿಗೆ ಬಂದಾಗ ಕಾಶೀನಾಥ ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಸಾಕ್ಷಿಯ ಸಹಿ ಹಾಕಿದ. ಜಾಮೀನು ಸಿಗುವ ಅಪರಾಧವಾದ್ದರಿಂದ ಜಾಮೀನುದಾರನ ಸಹಿಯನ್ನೂ ಯಾರೂ ಕೇಳುವ ಮೊದಲೇ ಅವನೇ ಹಾಕಿದ.

ಪ್ರೀತಿ ಹೊರಗೆ ಬಂದಾಗ ಶರಣಬಸಮ್ಮ ಗೋಡೆ ಹಿಡಿದು ಎದ್ದಳು.

“ನೀವೂ ಬಿಚ್ಚಿ ನೋಡೀರಂತ, ಯವ್ವಾ. ಲಿಂಗ ಅಂವನ ಅಂಗೈಯಾಗೇ ಅದನ್ರಿ?”

“ಅದ ಅವ್ವಾ. ನಾನೇ ನೋಡೀನಿ.”

ಹಿಂದೆಯೇ ಬಂದ ಕಲ್ಯಾಣಪ್ಪ ಇಬ್ಬರನ್ನೂ ದಾಟಿ ಅಂಗಳಕ್ಕೆ ಇಳಿದು, ನಲ್ಲಿಯನ್ನು ಒತ್ತಿ ಬಿಟ್ಟು ನೀರಿಗೆ ಬೊಗಸೆಯೊಡ್ಡಿದ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ನಲ್ಲಿ ಅದು; ನೀರು ನಿಂತಿತು. ಮಜೀದಸಾಬ ಹೋಗಿ, ಅವನು ಸಾಕೆನ್ನುವವರೆಗೂ ನಲ್ಲಿಯನ್ನು ಒತ್ತಿ ಹಿಡಿದು ನಿಂತ.