ಮಾರ್ಚ್ ಹದಿನಾಲ್ಕರ ಅತಿಥಿ

ನೋಟೀಸಿನ ಜೊತೆಗೆ ಒಂದು ಹೆಸರಿಲ್ಲದ ಪತ್ರದ ಪ್ರತಿಯೂ ಇತ್ತು. ‘ಪ್ರತಿ ವರ್ಷ ಮಾರ್ಚ್ ಹದಿನಾಲ್ಕರಂದು, ತಂದೆ ಸತ್ತ ದಿನ, ಖಿಯೆಮ್ ದೋವಾನ್ ಮನೆಯ ಊಟಕ್ಕೆ ಹನೋಯ್‌ನ ಸೇನಾಧಿಕಾರಿಯೊಬ್ಬ ಬರುತ್ತಾನೆ. ಕಣ್ಣಾರೆ ಕಂಡಿದ್ದೇನೆ.’

ಅಷ್ಟು ಸಾಕಾಯಿತು. ವಿದೇಶಿ ಪ್ರಭಾವದ ಶಂಕೆ—ಸೇನೆಯ ಗುಟ್ಟಿನ ಕೆಲಸಕ್ಕೆ ಬೇಕಾದ ಭದ್ರತಾ ಅನುಮತಿ ರದ್ದು. ಅನುಮತಿ ಇಲ್ಲದ ರಾಡಾರ್ ಎಂಜಿನಿಯರ್‌ಗೆ ನಮ್ಮ ವರ್ಜೀನಿಯಾದ ಯಾವ ಹಡಗುಕಟ್ಟೆಯೂ ಕೆಲಸ ಕೊಡುವುದಿಲ್ಲ. ಮೇಲ್ಮನವಿಯ ವಿಚಾರಣೆಗೆ ಇನ್ನು ಎರಡೇ ದಿನ.

“ಬರ್ದಿರೋದು ನಮ್ಮಕ್ಕ ಲ್ಯೂ,” ಎಂದ ಖಿಯೆಮ್. “ಅಪ್ಪನ ದಿನ ಇನ್ಯಾರಿಗೆ ಗೊತ್ತು? ಆರು ತಿಂಗಳಾಯ್ತು, ಅವಳ ಮುಖ ನೋಡಿಲ್ಲ.”

ನನಗೂ ಅಕ್ಕನ ಮೇಲೇ ಗುಮಾನಿ. ಮನೆಯವರಲ್ಲದೆ ಮನೆಯ ಗುಟ್ಟು ಇನ್ಯಾರು ಬಿಟ್ಟಾರು? ಆದರೆ ನಮ್ಮ ವಕೀಲೆ ವಿನೋನಾ ಪ್ರೂಯಿಟ್ ಯಾರನ್ನೂ ನಂಬುವವರಲ್ಲ. ಹದಿನಾಲ್ಕು ವರ್ಷದಿಂದ ಅವರ ಗುಮಾಸ್ತನಾಗಿರುವ ನನ್ನನ್ನೂ.

“ಹೋದ ವರ್ಷ ಅಪ್ಪನಿಗೆ ಎಡೆ ಇಟ್ಟಿದ್ದು ಯಾವತ್ತು?” ಎಂದು ಖಿಯೆಮ್‌ನನ್ನು ಕೇಳಿದರು.

“ಮಾರ್ಚ್ ಇಪ್ಪತ್ತೈದು.”

“ಅದರ ಹಿಂದಿನ ವರ್ಷ?”

“ಮಾರ್ಚ್ ಏಳು—” ಖಿಯೆಮ್ ತಡೆದ. “ನಾವು ತಿಥಿ ಮಾಡೋದು ಚಂದ್ರನ ಲೆಕ್ಕದಲ್ಲಿ. ಲೆಕ್ಕ ಹಾಕಿ ಹೇಳ್ತಿದ್ದೋಳು ಅಕ್ಕನೇ. ಸಿಟ್ಟಲ್ಲಿ ತಾರೀಖು ಯಾರು ನೋಡಿದ್ರು?”

“ನಾನು ನೋಡ್ದೆ. ಊಟ ಕಂಡವರು ಯಾರೂ ಪ್ರತಿ ವರ್ಷ ಹದಿನಾಲ್ಕು ಅಂತ ಬರೆಯಲ್ಲ. ನಿಮ್ಮಕ್ಕನಂತೂ ಬರೆಯೋದೇ ಇಲ್ಲ. ಆ ತಾರೀಖು ಇರೋದು ಒಂದೇ ಕಡೆ—ನಿಮ್ಮ ಅನುಮತಿ ಅರ್ಜಿಯಲ್ಲಿ, ತಂದೆಯ ಮರಣ ದಿನಾಂಕದ ಮುಂದೆ. ಅದನ್ನ ತುಂಬಿಸಿದ್ದು ಯಾರು?”

ಖಿಯೆಮ್ ಪಕ್ಕಕ್ಕೆ ತಿರುಗಿದ. ಅವನ ಪರ ಸಾಕ್ಷಿ ಹೇಳಲು ಬಂದಿದ್ದ ಸಹೋದ್ಯೋಗಿ ಕರ್ಟಿಸ್ ಬ್ಲೇಲಾಕ್ ಅಲ್ಲಿ ಕೂತಿದ್ದ.

“ಮೂರು ಸಂಜೆ ಕೂತು ತುಂಬಿಸ್ದೆ,” ಎಂದ ಕರ್ಟಿಸ್. “ಉಪಕಾರ ಮಾಡಿದ್ದೂ ತಪ್ಪಾ ಈಗ?”

“ಹಡಗುಕಟ್ಟೇಲಿ ಇವರ ಕುರ್ಚೀಲಿ ಈಗ ಕೂತಿರೋದು ಯಾರು?”

ಕರ್ಟಿಸ್ ಎದ್ದು ನಿಂತ. ಕೋಟಿನ ತೋಳಿಗೆ ಕೈ ತೂರಿಸಲು ಅವನು ಎರಡು ಸಲ ತಡಕಾಡಿದ.

“ಪತ್ರ ಬರೆದೋರು ನೀವು, ಕರ್ಟಿಸ್. ನಾಡಿದ್ದು ಸಾಕ್ಷಿಗೆ ಖಂಡಿತ ಬನ್ನಿ. ಇದೇ ಪ್ರಶ್ನೆ ಅಲ್ಲೂ ಕೇಳ್ತೀನಿ.”

ಅವನು ಹೋದ ಮೇಲೆ ಖಿಯೆಮ್ ಫೋನು ಕೈಗೆತ್ತಿಕೊಂಡ. ನನಗೂ ನಾಚಿಕೆಯಾಯಿತು, ನೋಡದ ಹೆಂಗಸಿನ ಮೇಲೆ ಗೂಬೆ ಕೂರಿಸಿದ್ದೆನಲ್ಲ. ಅವನು ಅಕ್ಕನ ನಂಬರು ಒತ್ತಿದ.

“ಅಕ್ಕಾ... ಈ ಸಲ ಅಪ್ಪನ ದಿನ ಯಾವತ್ತು?”

ಆ ಕಡೆಯ ದನಿ ನನಗೂ ಕೇಳಿಸಿತು.

“ಹೋದ ಮಂಗಳವಾರವೇ ಆಗೋಯ್ತಲ್ಲೋ. ನಾನೊಬ್ಳೇ ಮಾಡ್ದೆ. ನಿನ್ ಹೆಸ್ರಲ್ಲೂ ಒಂದು ಬಟ್ಟಲು ಅನ್ನ ಇಟ್ಟಿದ್ದೆ.”