ಮೇಲೇಳದ ಮುಳ್ಳು

"ಏನ್ ಡಾಕ್ಟ್ರೇ, ರೋಗಿ ಉಳೀತದಾ?"

ಬಾಳೆಗೊನೆ ಇಳಿಸಿ ಬಂದ ಪವಿತ್ರ ಪಿಕಪ್ಪಿಗೆ ಒರಗಿ ಕೇಳಿದಳು. ಮೆಕ್ಯಾನಿಕ್ ಜಗನ್ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ಎತ್ತಿದರೆ ಅವಳ ಮುಖ ನೋಡಬೇಕಾಗುತ್ತಿತ್ತು.

"ಮೈಸೂರಿಂದ ಸೆನ್ಸರ್ ಬಂದಿಲ್ಲ ಮೇಡಂ."

"ಗೊನೆ ಹೊರೋಳಿಗೆ ಮೇಡಂ ಯಾಕ್ರೀ?"

"ಡಾಕ್ಟ್ರು ಅಂದ್ರೆ ನಾನು ಸುಮ್ನಿಲ್ವಾ?"

ಅವಳು ನಕ್ಕಳು. ಗಂಡ ನಂಜೇಶ್ ಕಾಮಾಲೆಯಲ್ಲಿ ಹೋದಮೇಲೆ ಅವಳೇ ಸ್ಟೇರಿಂಗ್ ಹಿಡಿದಿದ್ದಳು. ನಂಜನಗೂಡಿನಿಂದ ಸಂತೆಗೆ ಬರುವ ಆ ಹಳೇ ಗಾಡಿಯ ಸದ್ದು ಟಿ. ನರಸೀಪುರದ ಸೇತುವೆ ದಾಟುವ ಮೊದಲೇ ಜಗನ್‌ಗೆ ಗುರುತು ಸಿಗುತ್ತಿತ್ತು. ಅವನ ಗ್ಯಾರೇಜಿನ ಗೋಡೆಯ ಮೇಲೆ ಬುದ್ಧನ ಫೋಟೊ, ಅವಳ ಹಣೆಯ ಮೇಲೆ ವಿಭೂತಿ. ನಡುವಿನ ದೂರ ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ತರಿಸಿದ ಟೀಯನ್ನು ಅವಳು ನಿಧಾನವಾಗಿ, ಆರುವವರೆಗೂ ಕುಡಿಯುತ್ತಿದ್ದಳು.

ಇಂಜಿನ್ ಎಷ್ಟೇ ಕಾದರೂ ಟೆಂಪರೇಚರ್ ಮೀಟರಿನ ಮುಳ್ಳು ಕೆಳಗೇ ಮಲಗಿರುತ್ತದೆ ಎಂಬುದು ಅವಳ ದೂರು. ಮೊದಲ ದಿನವೇ ಜಗನ್ ಸೆನ್ಸರಿನ ವೈರ್ ಬಿಡಿಸಿ ಇಂಜಿನ್ನಿನ ಮೈಗೆ ಮುಟ್ಟಿಸಿದ್ದ. ಮುಳ್ಳು ತಟ್ಟನೆ ತುದಿಗೇರಿತ್ತು. ಅಂದರೆ ಮೀಟರೂ ಸರಿ, ವೈರೂ ಸರಿ. ಸೆನ್ಸರ್ ಬಿಚ್ಚಿದಾಗ ಕಾರಣ ಕಂಡಿತು. ನೀರು ಸೋರದಿರಲೆಂದು ಯಾರೋ ಅದರ ತಿರುಪಿನ ತ್ರೆಡ್ಡಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿದ ಮೇಲೆ ಸುತ್ತಿದ್ದರು. ಲೋಹಕ್ಕೆ ಲೋಹ ತಾಗದೆ ಸೆನ್ಸರಿನ ಕರೆಂಟಿಗೆ ಅರ್ಥಿಂಗ್ ಸಿಗುತ್ತಿರಲಿಲ್ಲ. ಟೇಪು ಕಿತ್ತರೆ ಆಯಿತು.

ಅಷ್ಟರಲ್ಲಿ ಅವಳೇ ಹೇಳಿದ್ದಳು: "ಮೀಟರ್ ಸರಿಹೋದ್ರೆ ಚಿಕ್ಕಯ್ಯನಛತ್ರದ ಸಿದ್ದರಾಜು ಗಾಡಿ ತಕ್ಕೊತಾರಂತೆ. ನಾನು ಮಗೂನ ಕರ್ಕೊಂಡು ಗುಂಡ್ಲುಪೇಟೆಗೆ, ಅಣ್ಣನ ಮನೆಗೆ ಹೊಂಟೋಯ್ತೀನಿ."

ಜಗನ್ ಆ ಸೆನ್ಸರನ್ನು ಹಾಗೆಯೇ ತಿರುಪಿ ಕೂರಿಸಿದ್ದ. ಬೇರೆಯದು ತರಿಸಬೇಕು ಅಂದಿದ್ದ. ಸಂತೆಯಿಂದ ಸಂತೆಗೆ ಅದನ್ನೇ ಹೇಳುತ್ತ ಬಂದಿದ್ದ.

ಇಂದು ಟೀ ಲೋಟಕ್ಕೆ ಅವಳು ಎಡಗೈ ಚಾಚಿದಳು.

"ಬಲಗೈಗೆ ಏನಾಯ್ತು?"

"ಏನಿಲ್ಲ ಬುಡಿ."

"ತೋರ್ಸಿ."

ಅಂಗೈ ತುಂಬ ಬೊಬ್ಬೆ. "ಮುಳ್ಳು ಏಳಲ್ವಲ್ಲ. ಗೊನೆ ತುಂಬ್ಕೊಂಡು ಬದನವಾಳು ದಾಟ್ತಿದ್ದಂಗೆ ವಾಸನೆ ಬಂತು. ಕಾದದಾ ಅಂತ ರೇಡಿಯೇಟರ್ ಪೈಪ್ ಹಿಡ್ದು ನೋಡ್ದೆ."

ಜಗನ್ ಲೋಟ ಕೆಳಗಿಟ್ಟ. ಸ್ಪ್ಯಾನರ್ ತೆಗೆದುಕೊಂಡ. ಇಂಜಿನ್ ಆರುವವರೆಗೆ ಕಾದ. ಸೆನ್ಸರ್ ಬಿಚ್ಚಿ, ಟೇಪಿನ ತುದಿ ಹುಡುಕಿ, ಬಿಡಿಸತೊಡಗಿದ.

"ಇದೇ ಕಾಯ್ಲೆ. ಮೊದಲ್ನೇ ದಿನಾನೇ ಗೊತ್ತಾಯ್ತು."

ಅವಳು ಬಗ್ಗಿ ಆ ಟೇಪನ್ನು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಅದು ಅವ್ರು ಸುತ್ತಿದ್ದು. ಆಸ್ಪತ್ರೆಗೆ ಸೇರೋ ಹಿಂದಿನ ದಿನ. ಇನ್ಮೇಲೆ ನೀನೊಬ್ಳೇ ಓಡಿಸ್ಬೇಕಾಯ್ತದೆ, ಒಂದ್ ತೊಟ್ಟೂ ಸೋರ್ಬಾರ್ದು ಅಂತ, ಕೂತ್ಕೊಳಕ್ಕೆ ಆಗ್ದಿದ್ರೂ ಸುತ್ತಿದ್ರು."

ಜಗನ್‌ನ ಬೆರಳು ನಿಂತವು. ಸಾಯುತ್ತಿದ್ದವನು ಅಕ್ಕರೆ ಹೆಚ್ಚಾಗಿ ತಪ್ಪು ಮಾಡಿದ್ದ. ತಾನು ಗೊತ್ತಿದ್ದೂ ಮಾಡಿದ್ದ.

"ನೀವ್ಯಾಕೆ ಸುಳ್ಳು ಹೇಳಿದ್ರಿ?"

"ಸರಿ ಮಾಡಿದ್ರೆ ನೀವು ಬರಲ್ಲ ಅಂತ."

ಸೇತುವೆಯ ಮೇಲೆ ಬಸ್ಸೊಂದು ಹೋಯಿತು. ಅದರ ಸದ್ದು ಅಡಗುವವರೆಗೂ ಅವಳು ನದಿಯ ಕಡೆ ನೋಡುತ್ತಿದ್ದಳು.

"ಅದನ್ನ ಬಾಯಿಬುಟ್ಟು ಹೇಳ್ಬೋದಿತ್ತಲ್ಲ."

"ಹೇಳಿದ್ರೆ?"

"ಬೇಡ ಅಂತಿದ್ದೆ." ಅವಳು ಬೊಬ್ಬೆಯೆದ್ದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಆದ್ರೂ ಒಂದ್ಸಲ ಕೇಳಿರ್ತಿದ್ದೆ."

ಅವನು ತ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ ಸೆನ್ಸರ್ ಕೂರಿಸಿದ. ಬಿಡಿಸಿದ ಟೇಪನ್ನು ಅವಳೆದುರು ಹಿಡಿದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಂಜಿನ್ ಸ್ಟಾರ್ಟ್ ಆಯಿತು. ಮುಳ್ಳು ಹೆದರಿದಂತೆ ನಡುಗಿ, ಮೆಲ್ಲಮೆಲ್ಲನೆ ಮೇಲೆದ್ದು ನಡುವೆ ನಿಂತಿತು. ಇಬ್ಬರೂ ಅದನ್ನೇ ನೋಡಿದರು, ಒಬ್ಬರನ್ನೊಬ್ಬರು ನೋಡಬಾರದೆಂದು.

"ಬತ್ತೀನಿ," ಅಂದಳು ಅವಳು. ಹೋಗ್ತೀನಿ ಅನ್ನಲಿಕ್ಕೆ ಅವಳಿಗೂ ಬಾಯಿ ಬರಲಿಲ್ಲ.

ಮುಂದಿನ ಸಂತೆಗಳಲ್ಲಿ ಗಾಡಿ ಬರಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಸೇತುವೆಯಾಚೆ ಅದೇ ಸದ್ದು ಕೇಳಿತು. ಜಗನ್ ಕೈ ಒರೆಸಿಕೊಳ್ಳುವುದನ್ನೂ ಮರೆತು ರಸ್ತೆಗೆ ಬಂದ. ಇಳಿದವನು ಸಿದ್ದರಾಜು.

"ಜಗನ್ ಅಂದ್ರೆ ನೀವೇನಾ? ಗಾಡಿ ಕೊಡೋವಾಗ ಆ ತಾಯಿ ಬಾನೆಟ್ ಮೇಲೆ ಕೈ ಇಟ್ಕೊಂಡು ಸುಮಾರೊತ್ತು ನಿಂತಿದ್ರು ಕಣ್ರೀ. ಟಿ. ನರಸೀಪುರಕ್ಕೆ ಹೋದ್ರೆ ನಿಮ್ಗೆ ಒಂದ್ ಮಾತು ಹೇಳಿ ಅಂದ್ರು."

"ಏನು?"

"ಕೈ ವಾಸಿಯಾಯ್ತಂತೆ. ಅಷ್ಟೇ."

ಸಿದ್ದರಾಜು ಟೀ ಅಂಗಡಿಗೆ ಹೋದ. ಜಗನ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ದೂರ ಓಡಿ ಬಂದ ಗಾಡಿ, ತಗಡು ಸುಡುತ್ತಿತ್ತು. ಅವನು ಕೈ ತೆಗೆಯಲಿಲ್ಲ.